ಸತ್ಯಾಂಶ: ಹಾಡನ್ನು ಹಿಂದುಮುಂದಾಗಿ ನುಡಿಸಿದರೆ ಕೇಳಿಸುವ 'ಸೈತಾನನ ಮಾತು'

ಇಂಡಸ್ಟ್ರಿಯಲ್ ರಾಕ್ (ಯಂತ್ರದಂಥ ಕರ್ಕಶ ಶಬ್ದಗಳನ್ನು ಬೆರೆಸುವ ರಾಕ್ ಸಂಗೀತ) ಗಿಟಾರಿಸ್ಟರು ಹಾಡಿನಲ್ಲಿ ಸೈತಾನನ ಸಂದೇಶ ಅಡಗಿಸಿಡುತ್ತಾರೆ, ಹಿಂದುಮುಂದಾಗಿ ನುಡಿಸಿದರೆ ಅದು ಕೇಳಿಸುತ್ತದೆ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಜೊತೆಗೊಂದು ಆಡಿಯೊ, ಅದರಲ್ಲಿ ಏನು ಕೇಳಿಸುತ್ತದೆ ಎಂದು ಕೆಳಗೆ ಬರೆದ ಸಾಲು. ಮಕ್ಕಳ ಮೇಲಿನ ಕಾಳಜಿಯಿಂದಲೇ ಹಲವರು ಇದನ್ನು ಕಳಿಸುತ್ತಾರೆ.

ಮೋಸ ಮಾಡುವುದು ಆ ಸಾಲೇ. ಅದನ್ನು ಓದಿಕೊಂಡು ಕೇಳಿದಾಗ ಗೊಜಗೊಜ ಶಬ್ದದಲ್ಲೂ ಕಿವಿ ಅದನ್ನೇ ಹುಡುಕಿಕೊಳ್ಳುತ್ತದೆ. 1985ರಲ್ಲಿ ಕೆನಡಾದ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳಲ್ಲೂ ಹೀಗೇ ಆಯಿತು: ತಿರುಗಿಸಿದ ಮಾತಿನ ಅರ್ಥ ಕೇಳುಗರಿಗೆ ತಿಳಿಯಲಿಲ್ಲ, ಏನು ಕೇಳಬೇಕೆಂದು ಮೊದಲೇ ಹೇಳಿದಾಗ ಮಾತ್ರ ಬಹಳ ಮಂದಿಗೆ ಅದು ಕೇಳಿಸಿತು.

ಈ ಸಂಗೀತದಲ್ಲಿ ಧ್ವನಿಯನ್ನು ತಿರುಗಿಸುವುದು ಇದೆ, ಅದು ನಿಜ. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಇಂಡಸ್ಟ್ರಿಯಲ್ ಸಂಗೀತದವರು ಟೇಪನ್ನು ಕತ್ತರಿಸಿ ಅಂಟಿಸಿ ನಾದ ಕಟ್ಟಿದವರು. ಗಿಟಾರಿನ ತಂತಿ ಮೀಟಿದರೆ ನಾದ ಥಟ್ಟನೆ ಹುಟ್ಟಿ ನಿಧಾನ ಕರಗುತ್ತದೆ. ತಿರುಗಿಸಿದರೆ ಮೆಲ್ಲಗೆ ಉಬ್ಬಿ ಪಕ್ಕನೆ ನಿಲ್ಲುತ್ತದೆ. ಅವರಿಗೆ ಬೇಕಾದದ್ದು ಆ ವಿಚಿತ್ರ ಸೆಳೆತ. ಕೆಲವು ತಂಡಗಳು ತಮಾಷೆಗೆ ಮಾತನ್ನೂ ತಿರುಗಿಸಿ ಸೇರಿಸಿದ್ದುಂಟು, ಆದರೆ ಸುಮ್ಮನೆ ಹಾಡು ಕೇಳುವವರಿಗೆ ಅದು ಅರ್ಥವೇ ಆಗುವುದಿಲ್ಲ.

ನೀವೇ ನೋಡಬಹುದು. ಮೊಬೈಲಿನಲ್ಲಿ 'ವಿಕಟಕವಿ' ಎಂದು ರೆಕಾರ್ಡ್ ಮಾಡಿ, ಯಾವುದಾದರೂ ಉಚಿತ ಆಡಿಯೊ ಆ್ಯಪಿನಲ್ಲಿ ತಿರುಗಿಸಿ. ಬರಹದಲ್ಲಿ ಎರಡೂ ಕಡೆಯಿಂದ ಒಂದೇ ಆದ ಈ ಪದ ಧ್ವನಿಯಲ್ಲಿ 'ಇವಕಟಕಿವ್' ಎಂಬಂತಾಗುತ್ತದೆ. ಆಮೇಲೆ ಫಾರ್ವರ್ಡ್ ಆಗಿ ಬಂದ ಆಡಿಯೊವನ್ನು, ಕೆಳಗಿನ ಸಾಲು ತೋರಿಸದೆ, ಮನೆಯ ಮೂವರಿಗೆ ಬೇರೆಬೇರೆಯಾಗಿ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಮೂರು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ಓದಿ.