ದೆವ್ವದ ಕತೆಗೆ ಇನ್ನೂರು ರೂಪಾಯಿ

ಹೋದ ವರ್ಷ ಶಿವಮೊಗ್ಗಕ್ಕೆ ಹೋದಾಗ ಅಕ್ಕನ ಮಗಳ ಕಪಾಟು ತೆರೆದು ನೋಡಿದೆ. ನಾನು ಕೊಟ್ಟಿದ್ದ ವಿಜ್ಞಾನಿಗಳ ಜೀವನಚರಿತ್ರೆಗಳು ಮೂರೂ ಹೊಸದಾಗಿಯೇ ಇದ್ದವು. ಕೇಳಿದರೆ, "ಓದುತ್ತೇನೆ ಮಾಮ" ಎಂದಳು. ಕನ್ನಡದಲ್ಲಿ ಈ ಮಾತು ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುವುದು ಹನ್ನೆರಡರ ಹುಡುಗಿಯ ಪುಣ್ಯ.

ತಪ್ಪು ಅವಳದಲ್ಲ. ಅವಳು ಮುಂದೆ ಏನಾಗಬೇಕು ಎಂದು ಯೋಚಿಸಿ ಆರಿಸಿದ್ದೆನೇ ಹೊರತು, ಅವಳಿಗೆ ಏನು ಹಿಡಿಸೀತು ಎಂದಲ್ಲ. ಶಾಲೆಯ ಬಹುಮಾನದ ಪುಸ್ತಕಗಳಿಂದ ಹಿಡಿದು ನಮ್ಮಲ್ಲಿ ಇದೇ ರೂಢಿ: ಹಿರಿಯರು ಆರಿಸುತ್ತಾರೆ, ಕಿರಿಯರು ನಮಸ್ಕರಿಸಿ ತೆಗೆದುಕೊಳ್ಳುತ್ತಾರೆ.

ನಾನಿರುವ ಲಂಡನ್ ಪಕ್ಕದ ಸ್ಲೌನಲ್ಲಿ, ಹತ್ತು ವರ್ಷದ ಮಗನ ಜೊತೆ ಗ್ರಂಥಾಲಯಕ್ಕೆ ಹೋದರೆ ನಾನು ಬರಿಯ ಚೀಲ ಹಿಡಿಯುವವನು. ಬ್ರಿಟನ್ನಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ 1999ರಿಂದ ಬೇಸಿಗೆ ರಜೆಯ ಓದಿನ ಸವಾಲು ನಡೆಯುತ್ತಿದೆ. ಸಾಮಾನ್ಯವಾಗಿ ಆರು ಪುಸ್ತಕ. ಯಾವುವು ಎನ್ನುವುದು ಮಕ್ಕಳ ಇಷ್ಟ. ಕಾಮಿಕ್ಸ್, ನಗೆಹನಿಗಳೂ ಲೆಕ್ಕಕ್ಕೆ. ಮಗನಿಗೆ ಶಾಲೆಯಲ್ಲಿ ಐದು ಬೆರಳಿನ ಉಪಾಯ ಬೇರೆ ಹೇಳಿಕೊಟ್ಟಿದ್ದಾರೆ. ಪುಸ್ತಕದ ಯಾವುದಾದರೂ ಒಂದು ಪುಟ ಓದುತ್ತಾ, ಗೊತ್ತಿಲ್ಲದ ಪದಕ್ಕೊಂದು ಬೆರಳು ಎತ್ತಬೇಕು. ಐದೂ ಮೇಲೆದ್ದರೆ ಪುಸ್ತಕ ಕಷ್ಟ ಎಂದರ್ಥ. ಮೊನ್ನೆ ಅರ್ಧ ಪುಟಕ್ಕೇ ಐದೂ ಎದ್ದವು. ಒಂದು ಕ್ಷಣ ಕೈಯನ್ನೇ ನೋಡಿ, ಎಲ್ಲ ಬೆರಳನ್ನೂ ಮೆಲ್ಲಗೆ ಮಡಿಸಿ, ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿದ. ಮುಖಪುಟದಲ್ಲಿ ಶಾರ್ಕ್ ಇತ್ತು.

ಅರ್ಧ ಓದಿ ಹಿಂದಿರುಗಿಸಿದರೂ ಇಲ್ಲಿ ಕೇಳುವವರಿಲ್ಲ. ನಾವು ಕೊಡುವ ಉಡುಗೊರೆಗೆ ಈ ಸೌಲಭ್ಯವಿಲ್ಲ. ದುಡ್ಡು ಕೊಟ್ಟಿದ್ದೇವೆ, ಮುಗಿಸಲೇಬೇಕು. ಎರವಲು ತರುವ ದಾರಿ ಊರಿನ ಕಡೆಯೂ ಇಲ್ಲದಿಲ್ಲ. 2020ರಲ್ಲಿ ಶುರುವಾದ 'ಓದುವ ಬೆಳಕು' ಅಭಿಯಾನದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿವೆ.

ಇಲ್ಲಿನದೆಲ್ಲ ಚಿನ್ನವೇನಲ್ಲ. ಪುಸ್ತಕಗಳ ಮೇಲೆ ವಯಸ್ಸಿನ ಚೀಟಿ ಅಂಟಿಸುವುದು ನನಗೆ ಒಗ್ಗದು. ತೇಜಸ್ವಿಯವರ 'ಕರ್ವಾಲೊ' ಮಕ್ಕಳಿಗೆಂದು ಬರೆದದ್ದಲ್ಲ. ಹದಿಮೂರರಲ್ಲಿ ಅದನ್ನು ಅಪ್ಪನ ಮೇಜಿನಿಂದ ಎಗರಿಸಿದ್ದೆ. ಹಾರುವ ಓತಿ ಕೊನೆಗೂ ಸಿಕ್ಕಿತೋ ಇಲ್ಲವೋ ಎಂದು ಊಟಕ್ಕೆ ಕರೆದರೂ ಏಳದೆ ಓದಿದ್ದೆ. ಒಂದೇ ಪ್ರತಿಗೆ ಅಪ್ಪನಿಗೂ ನನಗೂ ಜಗಳ. ನನ್ನ ಮಗ ಓದುವುದನ್ನು ನಮ್ಮ ಮನೆಯಲ್ಲಿ ಇನ್ನೊಬ್ಬರು ಮುಟ್ಟುವುದಿಲ್ಲ.

ಈ ಸಲ ಊರಿಗೆ ಬರಿಗೈಯಲ್ಲಿ ಹೋದೆ. ಅಕ್ಕನ ಮಗಳನ್ನು ಪುಸ್ತಕದಂಗಡಿಗೆ ಕಳಿಸಿ, ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಮುಗಿಸಿದೆ. ಹೊರಗೆ ಬಂದವಳ ಕೈಯಲ್ಲಿ ಒಂದು ದೆವ್ವದ ಕತೆಗಳ ಪುಸ್ತಕ, ಒಂದು ಹಾವುಗಳದ್ದು.

"ದೆವ್ವದ ಕತೆಗೆ ಇನ್ನೂರು ರೂಪಾಯಿಯೇನೋ?" ಎಂದು ಅಕ್ಕ ಗೊಣಗಿದಳು.

ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದರೆ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಪುಸ್ತಕ ಅಕ್ಕನ ಕೈಯಲ್ಲಿತ್ತು. ಮಗಳು ಅವಳ ಹೆಗಲ ಮೇಲಿಂದ ಬಗ್ಗಿ, "ಬೇಗ ಪುಟ ತಿರುಗಿಸಮ್ಮಾ" ಎನ್ನುತ್ತಿದ್ದಳು.