ಸ್ಪಷ್ಟನೆ: ಸ್ತನದ ಗಂಟಿಗೆ ಥರ್ಮಲ್ ಸ್ಕ್ಯಾನ್ ಸಾಲದು

"ಸ್ತನದಲ್ಲಿ ಗಂಟು ಕಂಡರೆ ಮ್ಯಾಮೊಗ್ರಾಂ ಬೇಡ, ಒತ್ತಿದರೆ ಕ್ಯಾನ್ಸರ್ ಹರಡುತ್ತೆ, ಥರ್ಮಲ್ ಸ್ಕ್ಯಾನ್ ಸಾಕು" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಮ್ಯಾಮೊಗ್ರಾಂ ಎಂದರೆ ಸ್ತನವನ್ನು ಒತ್ತಿ ಹಿಡಿದು ತೆಗೆಯುವ ಎಕ್ಸ್‌ರೇ; ಥರ್ಮಲ್ ಸ್ಕ್ಯಾನ್ ಎಂದರೆ ಚರ್ಮದ ಬಿಸಿಯನ್ನು ತೋರಿಸುವ ಕ್ಯಾಮೆರಾ ಚಿತ್ರ.

ಒತ್ತುವುದರಿಂದ ಕ್ಯಾನ್ಸರ್ ಹರಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಸ್ವಲ್ಪ ನೋವಾಗಬಹುದು, ಅದು ನಿಜ. ಥರ್ಮಲ್ ಸ್ಕ್ಯಾನ್ ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ.

ಹಾಗಾದರೆ ಯಾವ ಪರೀಕ್ಷೆ ಮೊದಲು? ಅದು ವಯಸ್ಸು ನೋಡಿ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ ಮಾರ್ಗಸೂಚಿ ಪ್ರಕಾರ, ಕೈಗೆ ಸಿಗುವ ಗಂಟಿದ್ದರೆ 40 ದಾಟಿದವರಿಗೆ ಮೊದಲು ಮ್ಯಾಮೊಗ್ರಾಂ, ಆಮೇಲೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್. 30ಕ್ಕಿಂತ ಚಿಕ್ಕವರಿಗೆ ಅಲ್ಟ್ರಾಸೌಂಡ್ ಮೊದಲು. ಆ ವಯಸ್ಸಿನಲ್ಲಿ ಸ್ತನ ದಟ್ಟವಾಗಿರುವುದು ಜಾಸ್ತಿ. ಮ್ಯಾಮೊಗ್ರಾಂನಲ್ಲಿ ಅದೂ ಬಿಳಿ, ಗಂಟೂ ಬಿಳಿ, ಬೇರೆ ಮಾಡಿ ನೋಡುವುದು ಕಷ್ಟ. ನಡುವಿನವರಿಗೆ ಎರಡರಲ್ಲಿ ಯಾವುದಾದರೂ ಆಗುತ್ತದೆ. ಗರ್ಭಿಣಿಯರಿಗೆ ಅಲ್ಟ್ರಾಸೌಂಡ್. ಎಂಆರ್‌ಐ ಮೊದಲ ಪರೀಕ್ಷೆಯಲ್ಲ, ಕೈಯಲ್ಲಿ ಎಷ್ಟೇ ದುಡ್ಡಿರಲಿ.

ಮೆಸೇಜಿನಲ್ಲಿ ಇಲ್ಲದ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಮಾತು: ರಿಪೋರ್ಟ್ ನಾರ್ಮಲ್ ಬಂದರೂ, ಮುಟ್ಟಿ ನೋಡಿದ ಡಾಕ್ಟರಿಗೆ ಅನುಮಾನ ಉಳಿದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಲೇಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೆ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ ಅಲ್ವಾ?

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಆಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.