ಅವ್ವನ ಬಲಗೈಗೆ ಕೆಲಸ ಕೊಡಿ

ಇವತ್ತು ಮಧ್ಯಾಹ್ನ ಸಿಂಧನೂರಿನ ಮನೆಗೆ ನೆಂಟರು ಬಂದಿದ್ದರು. ಅವ್ವ ಊಟಕ್ಕೆ ಕೂತಿದ್ದಳು. ಬಲಗೈಯಲ್ಲಿ ರೊಟ್ಟಿ ಚೂರು ಹಿಡಿದಳು. ಪಲ್ಯದ ತನಕ ಹೋಯಿತು, ಅಲ್ಲೇ ಬಿತ್ತು. ಮತ್ತೆ ಎತ್ತಿದಳು. ಅಷ್ಟರಲ್ಲಿ ಚಿಗವ್ವ ತಟ್ಟೆ ಎಳೆದುಕೊಂಡು, "ಪಾಪ, ಆಕಿಗ್ಯಾಕ ತ್ರಾಸ ಕೊಡ್ತಿ" ಅಂತ ನನಗೆ ಬೈದು, ತಾನೇ ತುತ್ತು ಮಾಡಿ ಬಾಯಿಗಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು.

ಅವ್ವನಿಗೆ ಲಕ್ವಾ ಹೊಡೆದದ್ದು, ರಾಯಚೂರಿನ ಆಸ್ಪತ್ರೆಗೆ ಓಡಿದ್ದು ನೆಂಟರಾದ ನಿಮಗೆಲ್ಲ ಗೊತ್ತೇ ಇದೆ. ಕೈಯ ವಿಷಯ ಮಾತ್ರ ಹೇಳುತ್ತೇನೆ.

ಆ ಕೈಯ ಎಲುಬು, ಮಾಂಸಖಂಡಕ್ಕೆ ಏನೂ ಆಗಿಲ್ಲ. ಪೆಟ್ಟು ಬಿದ್ದಿರುವುದು ಮಿದುಳಿನ ಎಡಭಾಗಕ್ಕೆ. ಅಲ್ಲಿಂದ ಬರಬೇಕಾದ ಅಪ್ಪಣೆ ಬಲಗೈಗೆ ಸರಿಯಾಗಿ ಮುಟ್ಟುತ್ತಿಲ್ಲ. ಉಳಿದ ಮಿದುಳು ಆ ಕೆಲಸವನ್ನು ಕಲಿಯಬಲ್ಲದು. ಆದರೆ ಕೈ ಆಡಿದರೆ ತಾನೇ ಕಲಿಯುವುದು? ಮೊದಲ ಮೂರು ತಿಂಗಳಲ್ಲೇ ಸುಧಾರಣೆ ಜಾಸ್ತಿ. ನಮ್ಮ ಕಡೆ ಆ ದಿನಗಳನ್ನು ಹಾಸಿಗೆ ಮೇಲೆ ಮಲಗಿಸಿ, ಪಾರಿವಾಳದ ರಕ್ತ ಹಚ್ಚಿ ಕಳೆಯುತ್ತಾರೆ.

ಕಾಲಿಗೆ ಹೀಗೆ ಕೆಲಸವಿಲ್ಲದೆ ಬಿದ್ದಿರುವ ಗತಿ ಬರುವುದಿಲ್ಲ. ಬಚ್ಚಲಿಗೆ ಹೋಗಲು ಎರಡೂ ಕಾಲು ಬೇಕೇ ಬೇಕು. ಕೈ ಹಾಗಲ್ಲ. ಒಂದು ಸೋತರೆ ಇನ್ನೊಂದು ಕೆಲಸ ಮುಗಿಸಿಬಿಡುತ್ತದೆ. ಅದೂ ಸಾಲದು ಅಂತ ಮನೆಮಂದಿಯ ಕೈಗಳು ಬೇರೆ.

ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟಾಬ್ ಇದನ್ನೇ ಕಂಡುಕೊಂಡರು. ಬಳಸದೆ ಬಿಟ್ಟ ಕೈಯನ್ನು ಬಳಸದಿರುವುದೇ ರೂಢಿಯಾಗಿಬಿಡುತ್ತದೆ. ಅದಕ್ಕೆ ಅವರು ಚೆನ್ನಾಗಿರುವ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಈ ವಿಧಾನದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಎರಡು ವಾರ ಹೀಗೆ ದುಡಿದವರ ಕೈ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲೆತ್ತಲು ಬರುವವರಿಗೆ ಮಾತ್ರ ಇದು. ಅವ್ವನಿಗೆ ಅಷ್ಟು ಬರುತ್ತದೆ. ಅದಕ್ಕೇ ನನ್ನ ಹೊಟ್ಟೆ ಉರಿಯುವುದು.

ನೋವು ತಿನ್ನುವವರನ್ನು ಹೀಗೆ ದುಡಿಸಬಹುದಾ ಅಂತ ಕೇಳುತ್ತೀರಿ. ಭುಜ ನೋಯುತ್ತಿದ್ದರೆ ನಿಲ್ಲಿಸಬೇಕು, ಒಪ್ಪುತ್ತೇನೆ. ಸುಸ್ತಾದರೆ ಮಲಗಲಿ. ಆದರೆ "ಪಾಪ" ಅನ್ನುವವರೇ ಎಬ್ಬಿಸುವಾಗ ಸೋತ ರಟ್ಟೆ ಹಿಡಿದು ಎಳೆಯುತ್ತಾರಲ್ಲ! ಆ ಭುಜದ ಕೀಲು ಸಡಿಲ ಇರುತ್ತದೆ. ಎಳೆದರೆ ಜಾರುತ್ತದೆ. ತುತ್ತು ಬಿದ್ದರೆ ಏನಾಯಿತು? ಒರೆಸಿದರಾಯಿತು.

ಇನ್ನೊಬ್ಬರು ರಬ್ಬರ್ ಚೆಂಡು ತಂದು, ದಿನವಿಡೀ ಹಿಚುಕು ಅಂದರು. ಅವ್ವನ ಬೆರಳು ಮೊದಲೇ ಬಿಗಿದು ಮುಷ್ಟಿಯಾಗುತ್ತವೆ. ಆಕೆಗೆ ಕಷ್ಟ ಇರುವುದು ಬಿಚ್ಚುವುದರಲ್ಲಿ. ಮನೆಗೆ ಬರುವ ಫಿಜಿಯೋ ಹುಡುಗಿ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿಸಿ ಮೈಭಾರ ಹಾಕಿಸುತ್ತಾಳೆ. ಲೋಟ ಹಿಡಿಯುವುದಕ್ಕಿಂತ ಬಿಡುವುದನ್ನೇ ಜಾಸ್ತಿ ಮಾಡಿಸುತ್ತಾಳೆ. ಮೊನ್ನೆ ಜೋಳದ ಹಿಟ್ಟಿನ ಉಂಡೆ ಕೊಟ್ಟು ಬಡಿ ಅಂದಳು. ಜೀವಮಾನವಿಡೀ ರೊಟ್ಟಿ ಬಡಿದ ಕೈ ಅದು. ರೊಟ್ಟಿ ದುಂಡಗಾಗಲಿಲ್ಲ, ಅಂಚು ಸೀಳಿತು. ಆದರೆ ಬೆರಳು ಬಿಚ್ಚಿಕೊಂಡವು! ಚೆಂಡು ನೋಡಿದರೇ ಮುಖ ತಿರುಗಿಸುವ ಅವ್ವ, ಹಿಟ್ಟು ಮುಗಿಯುವ ತನಕ ಏಳಲಿಲ್ಲ. ಆ ದಿನ ನನಗಾದ ಖುಷಿ ಹೇಳಲಾರೆ.

ಭಾನುವಾರ ಇನ್ನೂ ಕೆಲವರು ಬರುತ್ತೀರಂತೆ. ಬನ್ನಿ. ಅವ್ವನ ಬಲಗಡೆ ಕೂತು ಮಾತಾಡಿಸಿ, ಆ ಕಡೆ ತಿರುಗಲಿ. ಜೊತೆಗೆ ಕೂತು ಶೇಂಗಾ ಸುಲಿಯಿರಿ. ಎಷ್ಟು ಹೊತ್ತಾದರೂ ಆಗಲಿ, ಕಾಯಿರಿ. ಬಿಸಿ ಚಹಾ ಮಾತ್ರ ಆ ಕೈಗೆ ಕೊಡಬೇಡಿ. ಸುಟ್ಟರೂ ಇನ್ನೂ ಸರಿಯಾಗಿ ಗೊತ್ತಾಗುವುದಿಲ್ಲ.